ಮಗುವಿಗೆ ಹುಷಾರಿಲ್ಲ, ಆಯಾ ಬರಬೇಕಾ ಬೇಡವಾ?

ಈ ಪ್ರಶ್ನೆ ಎತ್ತಿದರೆ ಸಾಕು, ಜನ ಎರಡು ಗುಂಪಾಗುತ್ತಾರೆ. "ಸಂಬಳ ಕೊಡ್ತಿಲ್ವಾ? ಮಗು ನೋಡಿಕೊಳ್ಳೋಕೆ ತಾನೇ ಇಟ್ಟುಕೊಂಡಿರೋದು?" ಅನ್ನುವವರು ಒಂದು ಕಡೆ. "ಜ್ವರ ಬಂದ ಮಗುವನ್ನ ಬೇರೆಯವರ ಕೈಗೆ ಕೊಟ್ಟು ಆಫೀಸಿಗೆ ಹೋಗೋಕೆ ಮನಸ್ಸಾದ್ರೂ ಹೇಗೆ ಬರುತ್ತೆ?" ಅನ್ನುವವರು ಇನ್ನೊಂದು ಕಡೆ. ಈ ಎರಡನೇ ಮಾತು ತಾಯಿಯ ಕಿವಿಗೇ ಬೀಳುತ್ತದೆ, ತಂದೆಯನ್ನು ಯಾರೂ ಹಾಗೆ ಕೇಳುವುದಿಲ್ಲ. ಅದಕ್ಕೆ ಬೇರೆಯೇ ಪೋಸ್ಟ್ ಬರೆಯಬೇಕು, ಇರಲಿ.

ಇಷ್ಟೆಲ್ಲ ಜಗಳದಲ್ಲಿ ಯಾರೂ ಆಯಾ ಅವರನ್ನು ಮಾತ್ರ ಕೇಳುವುದಿಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹುಷಾರಿಲ್ಲದ ಮಗುವನ್ನು ಆಯಾ ನೋಡಿಕೊಳ್ಳಬಹುದು. ಎಷ್ಟೋ ಸಲ ನೋಡಿಕೊಳ್ಳಲೇಬೇಕಾಗುತ್ತದೆ. ಆದರೆ ಹಾಗೆ ಕೇಳುವ ಹಕ್ಕು ಇರುವುದು, ಆಯಾ ಅವರಿಗೇ ಹುಷಾರು ತಪ್ಪಿದಾಗ ಸಂಬಳ ಮುರಿಯದೆ ರಜೆ ಕೊಡುವ ಮನೆಯವರಿಗೆ ಮಾತ್ರ.

ಕೆಲವರು ಡೇಕೇರ್ ನಿಯಮವನ್ನು ಮುಂದಿಡುತ್ತಾರೆ. ಜ್ವರ ಇದ್ದರೆ ಅಲ್ಲಿ ಸೇರಿಸಿಕೊಳ್ಳುವುದಿಲ್ಲ, ಆಯಾ ಮಾತ್ರ ಯಾಕೆ ನೋಡಬೇಕು ಅಂತ. ಆದರೆ ಡೇಕೇರ್‌ನವರು ಮಗುವನ್ನು ಮನೆಗೆ ಕಳಿಸುವುದು ಮುಖ್ಯವಾಗಿ ಅಲ್ಲಿರುವ ಬೇರೆ ಮಕ್ಕಳಿಗೆ ಹರಡಬಾರದು ಅಂತ. ಒಂದು ಮಗುವಿನ ಪಕ್ಕದಲ್ಲೇ ಕೂತಿರಲು ಅಲ್ಲಿ ಜನವೂ ಇರುವುದಿಲ್ಲ. ಮನೆಯಲ್ಲಿ ಈ ಎರಡೂ ತೊಂದರೆ ಇಲ್ಲ. ಮಗು ತನ್ನ ಹಾಸಿಗೆಯಲ್ಲೇ ಮಲಗಬಹುದು, ಗೊತ್ತಿರುವವರೇ ಪಕ್ಕದಲ್ಲಿರುತ್ತಾರೆ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳಲ್ಲಿ ಆಯಾ ಇಟ್ಟುಕೊಳ್ಳಲು ಅರ್ಧ ಕಾರಣವೇ ಇದು.

ಅದೂ ಅಲ್ಲದೆ ಚಿಕ್ಕ ಮಕ್ಕಳಿಗೆ ವರ್ಷಕ್ಕೆ 6ರಿಂದ 8 ಸಲ ನೆಗಡಿ ಆಗುವುದು ತೀರಾ ಮಾಮೂಲು. ಒಂದೊಂದೂ ವಾರ, ಹತ್ತು ದಿನ ಎಳೆಯುತ್ತದೆ. ಕೆಮ್ಮು ಅದಕ್ಕಿಂತ ಜಾಸ್ತಿ ದಿನ ಇರುತ್ತದೆ. ಮೂಗು ಸೋರಿದಾಗಲೆಲ್ಲ ಆಯಾ ಮನೆಯಲ್ಲೇ ಉಳಿದರೆ ಅವರಿಗೂ ಕೆಲಸವಿಲ್ಲ, ಇವರಿಗೂ ಕೆಲಸವಿಲ್ಲ. ಅದರಿಂದ ಪ್ರಯೋಜನವೂ ಕಡಿಮೆ. ಫ್ಲೂ ತರಹದ ಸೋಂಕು ಲಕ್ಷಣ ಕಾಣುವ ಹಿಂದಿನ ದಿನದಿಂದಲೇ ಹರಡಲು ಶುರುವಾಗಿರುತ್ತದೆ. ಬೆಳಿಗ್ಗೆ ಮಗುವಿನ ಮೈ ಬಿಸಿಯಾಯಿತು ಅಂತ ನೀವು ಫೋನ್ ಮಾಡುವ ಹೊತ್ತಿಗೆ, ನೆನ್ನೆ ಇಡೀ ದಿನ ಆ ಮಗುವನ್ನು ಎತ್ತಿಕೊಂಡು ತಿರುಗಿದವರು ಅವರೇ. ಹಾಗಾಗಿ ನೆಗಡಿ, ಸಣ್ಣ ಕೆಮ್ಮು, ಒಂದಿಷ್ಟು ಮೈಬಿಸಿ ಇದ್ದರೆ ನನ್ನ ತಕರಾರಿಲ್ಲ.

ಆದರೆ ಎಲ್ಲ ಕಾಯಿಲೆಯೂ ನೆಗಡಿಯಲ್ಲ.

ವಾಂತಿ ಭೇದಿಯನ್ನೇ ತೆಗೆದುಕೊಳ್ಳಿ. ನೊರೊವೈರಸ್ ಅಂತ ಒಂದಿದೆ, ಕಣ್ಣಿಗೆ ಕಾಣದಷ್ಟು ಮೈಗೆ ಸೇರಿದರೂ ಸಾಕು, ಮಲಗಿಸಿಬಿಡುತ್ತದೆ. ಸ್ಯಾನಿಟೈಸರ್‌ಗೆ ಅದು ಅಷ್ಟಾಗಿ ಬಗ್ಗುವುದಿಲ್ಲ, ಸೋಪು ನೀರು ಹಾಕಿ ಚೆನ್ನಾಗಿ ಉಜ್ಜಿಯೇ ಕೈ ತೊಳೆಯಬೇಕು. ವಾಂತಿ ಭೇದಿ ನಿಂತ ಮೇಲೂ ಕನಿಷ್ಠ 48 ಗಂಟೆ ಮಗುವನ್ನು ಬೇರೆ ಮಕ್ಕಳ ಜೊತೆ ಬಿಡಬಾರದು ಅನ್ನುವುದು ಅದಕ್ಕೇ. ಈಗ ಹೇಳಿ, ಆ ಮನೆಯಲ್ಲಿ ವಾಂತಿ ಒರೆಸುವವರು ಯಾರು? ಡೈಪರ್ ಬದಲಿಸುವವರು, ಬೆಡ್‌ಶೀಟ್ ತೊಳೆಯುವವರು ಯಾರು? ಸೋಂಕು ಮೊದಲು ತಗಲುವುದೂ ಅವರಿಗೇ. ಕೈಗವಸು ತಂದಿಡುವುದು ಎಷ್ಟು ಮನೆಯವರಿಗೆ ನೆನಪಾಗುತ್ತದೆ?

ಚಿಕನ್ ಪಾಕ್ಸ್ ಇನ್ನೂ ಬೇರೆ ಕಥೆ. ಗುಳ್ಳೆ ಏಳುವ ಒಂದೆರಡು ದಿನ ಮುಂಚೆಯೇ ಹರಡಲು ಶುರು, ಎಲ್ಲ ಗುಳ್ಳೆಯೂ ಒಣಗಿ ಹಕ್ಕಳೆ ಕಟ್ಟುವವರೆಗೂ ಹರಡುತ್ತದೆ. ಚಿಕ್ಕವರಿದ್ದಾಗ ಒಮ್ಮೆ ಬಂದಿದ್ದರೆ ಅಥವಾ ಲಸಿಕೆ ಆಗಿದ್ದರೆ ಆಯಾ ಅವರಿಗೆ ಹೆಚ್ಚಿನ ಭಯವಿಲ್ಲ. ಇಲ್ಲದಿದ್ದರೆ ದೊಡ್ಡವರಿಗೆ ಅದು ಮಕ್ಕಳಿಗಿಂತ ಜೋರಾಗಿ ಬರುತ್ತದೆ. ದಡಾರವಂತೂ, ಸೋಂಕಿದ್ದವರು ಎದ್ದು ಹೋದ ಮೇಲೂ 2 ಗಂಟೆವರೆಗೆ ಕೋಣೆಯ ಗಾಳಿಯಲ್ಲೇ ಉಳಿದಿರಬಹುದು. ಇನ್ನು ಆಯಾ ಗರ್ಭಿಣಿಯಾಗಿದ್ದರೆ? ಚಿಕನ್ ಪಾಕ್ಸ್, ರುಬೆಲ್ಲಾ, ಮಕ್ಕಳ ಕೆನ್ನೆ ಕೆಂಪಾಗಿಸುವ ಪಾರ್ವೊವೈರಸ್, ಇವೆಲ್ಲ ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ ಮಾಡಬಲ್ಲವು. ಮೊದಲ ತಿಂಗಳುಗಳಲ್ಲಿ ಬಸುರಿ ಅಂತ ಅವರು ನಿಮಗೆ ಹೇಳಿರಬೇಕು ಅಂತೇನಿಲ್ಲ. ಕೆಲಸ ಹೋಗುತ್ತೆ ಅನ್ನುವ ಹೆದರಿಕೆಗೇ ಎಷ್ಟೋ ಜನ ಹೇಳುವುದಿಲ್ಲ.

ಅದಕ್ಕೇ ಮಗುವಿಗೆ ಏನಾಗಿದೆ ಅನ್ನುವುದನ್ನು ಹೆಸರು ಹಿಡಿದು, ಅವರು ಮನೆ ಬಿಡುವ ಮುಂಚೆಯೇ ಫೋನಿನಲ್ಲಿ ಹೇಳಬೇಕು. "ಸ್ವಲ್ಪ ಹುಷಾರಿಲ್ಲ ಅಷ್ಟೆ, ಬನ್ನಿ" ಅಂತ ಕರೆಸಿಕೊಂಡು, ಬಾಗಿಲಲ್ಲಿ ಬ್ಯಾಗ್ ಹೆಗಲಿಗೇರಿಸಿಕೊಳ್ಳುತ್ತಾ "ರಾತ್ರಿಯಿಂದ ನಾಲ್ಕು ಸಲ ವಾಂತಿ" ಅನ್ನುವವರಿದ್ದಾರಲ್ಲ, ಅವರ ಮೇಲೆ ನನಗೆ ನಿಜಕ್ಕೂ ಸಿಟ್ಟು. ಬಂದು ನಿಂತವರು ಆಮೇಲೆ ವಾಪಸ್ ಹೋಗಲು ಆಗುವುದಿಲ್ಲ ಅಂತ ಗೊತ್ತಿದ್ದೇ ಹಾಗೆ ಮಾಡುವುದು.

ಔಷಧಿ ವಿಷಯದಲ್ಲೂ ಇಂಥದ್ದೇ ಮುಚ್ಚುಮರೆ. ಬೆಳಿಗ್ಗೆ ಜ್ವರದ ಸಿರಪ್ ಕುಡಿಸಿ, ಮೈ ತಣ್ಣಗಾದ ಮೇಲೆ ಏನೂ ಆಗಿಲ್ಲದವರಂತೆ ಹೊರಟುಬಿಡುತ್ತಾರೆ. ಮೂರು ಗಂಟೆ ಕಳೆದ ಮೇಲೆ ಜ್ವರ ಮತ್ತೆ ಏರುತ್ತದೆ. ಬೆಳಿಗ್ಗೆ ಕೊಟ್ಟಿದ್ದೇ ಗೊತ್ತಿಲ್ಲದ ಆಯಾ ಮತ್ತೊಂದು ಡೋಸ್ ಕೊಟ್ಟರೆ ತಪ್ಪು ಯಾರದ್ದು? ಪ್ಯಾರಾಸಿಟಮಾಲ್ ಲೆಕ್ಕ ಮಗುವಿನ ತೂಕದ ಮೇಲೆ, ಕಿಲೋಗೆ 10ರಿಂದ 15 ಮಿಲಿಗ್ರಾಂ. ಎರಡು ಡೋಸ್ ನಡುವೆ ಕನಿಷ್ಠ 4 ಗಂಟೆ ಅಂತರ ಬೇಕು, ದಿನಕ್ಕೆ 4 ಸಲಕ್ಕಿಂತ ಜಾಸ್ತಿ ಕೊಡಬಾರದು. ಅದರಲ್ಲೂ ಸಿರಪ್ ಬೇರೆ ಬೇರೆ ಸಾಂದ್ರತೆಯಲ್ಲಿ ಬರುತ್ತದೆ. ಒಂದು ಬಾಟಲಿಯಲ್ಲಿ 5 ಮಿಲಿಗೆ 120 ಮಿಲಿಗ್ರಾಂ ಇದ್ದರೆ ಇನ್ನೊಂದರಲ್ಲಿ 250. ಅದೇ ಅಳತೆ ಅಂತ ಬೇರೆ ಬಾಟಲಿಯಿಂದ ಹಾಕಿದರೆ ಡಬಲ್‌ಗಿಂತ ಜಾಸ್ತಿ ಹೋಯಿತು. ಯಾವ ಬಾಟಲಿ, ಎಷ್ಟು ಮಿಲಿ, ಕೊನೆಗೆ ಕೊಟ್ಟಿದ್ದು ಎಷ್ಟು ಗಂಟೆಗೆ ಅಂತ ಚೀಟಿ ಬರೆದಿಡಲು ಎರಡು ನಿಮಿಷ ಸಾಕು. ಆಯಾ ಅವರಿಗೆ ಓದಲು ಬರದಿದ್ದರೆ ಅಳತೆಯ ಸಿರಿಂಜಿನ ಮೇಲೆ ಗೆರೆ ಎಳೆದು ತೋರಿಸಿ, ಸಮಯಕ್ಕೆ ನೀವೇ ಫೋನ್ ಮಾಡಿ.

ಫಿಟ್ಸ್ ಬಗ್ಗೆಯೂ ಹೇಳಬೇಕು. 6 ತಿಂಗಳಿಂದ 5 ವರ್ಷದ ಮಕ್ಕಳಲ್ಲಿ ನೂರಕ್ಕೆ 2ರಿಂದ 5 ಮಕ್ಕಳಿಗೆ ಜ್ವರದ ಜೊತೆ ಒಮ್ಮೆಯಾದರೂ ಫಿಟ್ಸ್ ಬರುತ್ತದೆ. ಸಾಮಾನ್ಯವಾಗಿ ಅದರಿಂದ ಅಪಾಯವಿಲ್ಲ, ಆದರೆ ನೋಡುವವರ ಜೀವ ಬಾಯಿಗೆ ಬರುತ್ತದೆ. ಮಗುವನ್ನು ಒಂದು ಪಕ್ಕಕ್ಕೆ ಮಲಗಿಸಬೇಕು, ಬಾಯಿಗೆ ಏನೂ ತುರುಕಬಾರದು, ಗಡಿಯಾರ ನೋಡಬೇಕು, 5 ನಿಮಿಷ ದಾಟಿದರೆ ಆಂಬುಲೆನ್ಸ್ ಕರೆಯಬೇಕು. ಇದನ್ನು ಆಯಾಗೆ ಹೇಳಿಕೊಟ್ಟಿರುವ ಮನೆ ಎಷ್ಟಿವೆ? ಟಿವಿ ಎಷ್ಟು ಹೊತ್ತು ಹಾಕಬೇಕು ಅಂತ ಹೇಳಿಕೊಟ್ಟಿರುತ್ತೇವೆ.

ಹಾಗಾಗಿ ಕೆಲವು ದಿನ ಮಾತ್ರ ಅಪ್ಪ ಅಮ್ಮನದ್ದೇ ಅಂತ ನಾನು ಹಟ ಹಿಡಿಯುತ್ತೇನೆ. ಜೋರು ಜ್ವರ ಬಂದು ಏನು ಕಾಯಿಲೆ ಅಂತ ಇನ್ನೂ ಗೊತ್ತಾಗದ ಮೊದಲ ದಿನ. ಮಗು ನೀರು ಕುಡಿಯುತ್ತಿಲ್ಲ, ಉಚ್ಚೆ ಹೋಗಿಲ್ಲ, ಉಸಿರಾಡಲು ಕಷ್ಟಪಡುತ್ತಿದೆ, ಎಬ್ಬಿಸಿದರೂ ಕಣ್ಣು ಬಿಡುತ್ತಿಲ್ಲ ಅನ್ನುವ ದಿನ. ಇನ್ನು 3 ತಿಂಗಳಿಗಿಂತ ಚಿಕ್ಕ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್ ಜ್ವರ ಅಂದರೆ ನೇರ ಡಾಕ್ಟರ ಹತ್ತಿರ, ಅಲ್ಲಿ ಆಯಾ ನೋಡಿಕೊಳ್ಳಲಿ ಅನ್ನುವ ಮಾತೇ ಇಲ್ಲ. ಇಂಥ ದಿನಗಳಲ್ಲಿ ಬೇಕಾಗಿರುವುದು ಎತ್ತಿಕೊಳ್ಳುವ ಕೈ ಮಾತ್ರ ಅಲ್ಲ, ಆಸ್ಪತ್ರೆಗೆ ಹೋಗೋಣ ಅಂತ ತೀರ್ಮಾನಿಸುವ ಅಧಿಕಾರ. ಆ ಅಧಿಕಾರ ಕೊಡದೆ ಜವಾಬ್ದಾರಿ ಮಾತ್ರ ಹೊರಿಸಿ, ನಾವು ಮೀಟಿಂಗ್‌ನಲ್ಲಿ ಫೋನ್ ಸೈಲೆಂಟ್ ಮಾಡಿಕೊಂಡರೆ ಹೇಗೆ?

ಮಗುವಿಗೆ ಆಗ ತಾಯಿಯೇ ಬೇಕು ಅನ್ನುವ ವಾದವನ್ನು ನಾನು ಅಷ್ಟು ನಂಬುವುದಿಲ್ಲ. ಹುಷಾರಿಲ್ಲದಾಗ ಆಯಾ ಹೆಗಲೇ ಬೇಕು ಅಂತ ಅಳುವ ಮಕ್ಕಳೂ ಇವೆ. ಅಮ್ಮಂದಿರಿಗೆ ಸ್ವಲ್ಪ ಚುಚ್ಚುತ್ತದೆ, ಆದರೆ ಅದು ಒಳ್ಳೆಯ ಆಯಾ ಸಿಕ್ಕಿದ್ದಾರೆ ಅನ್ನುವುದಕ್ಕೆ ಗುರುತು.

ಈಗ ಸಂಬಳದ ವಿಷಯಕ್ಕೆ ಬರುತ್ತೇನೆ. ನಿಮ್ಮ ಮಗುವಿನ ವಾಂತಿ ಭೇದಿ ಆಯಾಗೆ ಅಂಟಿತು ಅಂದುಕೊಳ್ಳಿ. ಎರಡು ಮೂರು ದಿನ ಏಳಲಾಗುವುದಿಲ್ಲ. ಅವರ ಮನೆಯಲ್ಲೂ ಮಕ್ಕಳಿರುತ್ತವೆ, ವಯಸ್ಸಾದವರಿರುತ್ತಾರೆ, ಅವರಿಗೂ ಹರಡುತ್ತದೆ. ಆ ಮಕ್ಕಳನ್ನು ನೋಡಿಕೊಳ್ಳಲು ಅವರಿಗೆ ಆಯಾ ಇಲ್ಲ. ರಜೆ ಹಾಕುತ್ತಾರೆ. ತಿಂಗಳ ಕೊನೆಗೆ ಅಷ್ಟು ದಿನದ ಸಂಬಳ ಕಟ್. ಅಂದರೆ ನಿಮ್ಮ ಮಗುವಿನ ಕಾಯಿಲೆಗೆ ದುಡ್ಡು ತೆತ್ತವರು ಆ ಇಡೀ ವ್ಯವಹಾರದಲ್ಲಿ ಎಲ್ಲರಿಗಿಂತ ಕಡಿಮೆ ಸಂಪಾದಿಸುವವರು. ನಿಮಗೆ ಮಾತ್ರ ಆಫೀಸಿನಲ್ಲಿ ಸಿಕ್ ಲೀವ್ ಇದೆ.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2011ರಲ್ಲಿ ಮನೆಗೆಲಸದವರಿಗಾಗಿಯೇ 189ನೇ ಒಪ್ಪಂದವನ್ನು ಅಂಗೀಕರಿಸಿತು. ಸುರಕ್ಷಿತ, ಆರೋಗ್ಯಕರ ಜಾಗದಲ್ಲಿ ಕೆಲಸ ಮಾಡುವುದು ಅವರ ಹಕ್ಕು ಅಂತ ಅದರಲ್ಲಿ ಬರೆದಿದೆ. ಆದರೆ ಅದೇ ಸಂಘಟನೆಯ ಅಂದಾಜಿನ ಪ್ರಕಾರ ಜಗತ್ತಿನಲ್ಲಿರುವ ಸುಮಾರು 7.5 ಕೋಟಿ ಮನೆಗೆಲಸದವರಲ್ಲಿ ನೂರಕ್ಕೆ 80ರಷ್ಟು ಜನ ಯಾವ ಕಾನೂನಿನ ರಕ್ಷಣೆಯೂ ಸರಿಯಾಗಿ ತಲುಪದ ಅನೌಪಚಾರಿಕ ಕೆಲಸದಲ್ಲೇ ಇದ್ದಾರೆ. ಹಾಗಾಗಿ ಸಿಕ್ ಲೀವ್ ಬೇಕು ಅಂದರೆ ಮನೆಯವರೇ ಮನಸ್ಸು ಮಾಡಿ ಕೊಡಬೇಕು.

"ನರ್ಸ್‌ಗಳು ದಿನಾ ಕಾಯಿಲೆಯವರನ್ನ ನೋಡಲ್ವಾ?" ಅಂತ ಕೇಳುತ್ತಾರೆ. ನೋಡುತ್ತಾರೆ, ಅದಕ್ಕೆ ಓದಿ ಬಂದಿರುತ್ತಾರೆ. ಎದುರಿಗಿರುವ ಕಾಯಿಲೆ ಏನು ಅಂತ ಅವರಿಗೆ ಗೊತ್ತಿರುತ್ತದೆ.

"ಹುಷಾರಿಲ್ಲದ ದಿನಕ್ಕೆ ಒಂದಿಷ್ಟು ಜಾಸ್ತಿ ದುಡ್ಡು ಕೊಟ್ಟರೆ ಆಯ್ತಲ್ಲ" ಅನ್ನುವವರೂ ಇದ್ದಾರೆ. ಕೊಡಿ, ಬೇಡ ಅನ್ನಲ್ಲ, ಕೆಲಸ ಜಾಸ್ತಿ ಇರುತ್ತದೆ. ಆದರೆ ಆ ಹೆಚ್ಚಿನ ದುಡ್ಡು ರಜೆಗೆ ಬದಲಿ ಅಲ್ಲ. ಒಂದು ದಿನಕ್ಕೆ ಸ್ವಲ್ಪ ಸೇರಿಸಿ ಕೊಟ್ಟು, ಆಮೇಲೆ ಮೂರು ದಿನದ್ದು ಮುರಿದರೆ ಲೆಕ್ಕ ಎಲ್ಲಿ ಸರಿಹೋಯಿತು?

ಇನ್ನು ಸ್ವಂತಕ್ಕೇ ಒಂದು ದಿನ ರಜೆ ಸಿಗದ ಅಪ್ಪ ಅಮ್ಮಂದಿರ ಕಷ್ಟ ನನಗೆ ಅರ್ಥವಾಗುತ್ತದೆ. ಒಬ್ಬರೇ ಮಗು ಸಾಕುವವರಿದ್ದಾರೆ, ರಜೆ ಹಾಕಿದರೆ ಕೆಲಸವೇ ಹೋಗುವವರಿದ್ದಾರೆ. ಅಂಥವರನ್ನು ಬಯ್ಯುವುದರಲ್ಲಿ ಅರ್ಥವಿಲ್ಲ. ಸ್ವೀಡನ್‌ನಲ್ಲಿ ಮಗುವಿಗೆ ಹುಷಾರಿಲ್ಲ ಅಂತ ಮನೆಯಲ್ಲಿ ಉಳಿದವರಿಗೆ ಸರ್ಕಾರವೇ ಸಂಬಳದ ನೂರಕ್ಕೆ ಸುಮಾರು 80 ಭಾಗ ಕೊಡುತ್ತದೆ, ಮಗುವಿಗೆ 12 ವರ್ಷ ಆಗುವವರೆಗೆ ವರ್ಷಕ್ಕೆ 120 ದಿನದವರೆಗೂ. ಅಪ್ಪಂದಿರಿಗೂ. ಅಂಥ ಏರ್ಪಾಡು ಇದ್ದರೆ ಇಷ್ಟುದ್ದ ಬರೆಯಬೇಕಾಗೇ ಇರಲಿಲ್ಲ.

ಅದಿಲ್ಲದಿದ್ದರೆ ಕೆಲಸಕ್ಕೆ ಸೇರಿಸಿಕೊಳ್ಳುವ ದಿನವೇ ಮಾತಾಡಿಕೊಳ್ಳಬೇಕು. ಯಾವ ಕಾಯಿಲೆಗೆ ಬರುತ್ತಾರೆ, ಯಾವುದಕ್ಕೆ ಬರುವುದಿಲ್ಲ, ಬಾರದ ದಿನ ಅಪ್ಪ ರಜೆ ಹಾಕುತ್ತಾರಾ ಅಮ್ಮ ಹಾಕುತ್ತಾರಾ. "ಇವತ್ತು ನನಗೆ ಭಯ, ಬರಲ್ಲ" ಅಂತ ಆಯಾ ಹೇಳಿದರೆ ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ತಿಂಗಳು ಬೇರೆಯವರನ್ನು ಹುಡುಕಬಾರದು. ಸಂದರ್ಶನದಲ್ಲಿ ಅನುಭವ ಎಷ್ಟು, ಮೊಬೈಲ್ ಜಾಸ್ತಿ ನೋಡ್ತೀರಾ ಅಂತೆಲ್ಲ ಕೇಳುತ್ತೇವೆ. ನಿಮಗೆ ಚಿಕನ್ ಪಾಕ್ಸ್ ಆಗಿದೆಯಾ, ಯಾವ ಲಸಿಕೆ ಆಗಿದೆ, ಫ್ಲೂ ಲಸಿಕೆ ನಾವು ಹಾಕಿಸಲಾ ಅಂತ ಯಾಕೆ ಕೇಳುವುದಿಲ್ಲ?

ನಮ್ಮ ಸ್ವಾರ್ಥಕ್ಕಾದರೂ ಇದು ಬೇಕು. ರಜೆ ಹಾಕಿದರೆ ಸಂಬಳ ಮುರಿಯುತ್ತಾರೆ ಅಂತ ಗೊತ್ತಿದ್ದ ಆಯಾ ಗಂಟಲು ಕೆರೆಯುತ್ತಿದ್ದರೂ, ಮೈ ಬಿಸಿ ಇದ್ದರೂ ಮಾತ್ರೆ ನುಂಗಿ ಬರುತ್ತಾರೆ. ಬಂದು ನಿಮ್ಮ ಮಗುವನ್ನೇ ಎತ್ತಿಕೊಳ್ಳುತ್ತಾರೆ. ಆಗ "ಹುಷಾರಿಲ್ಲ ಅಂತ ಮೊದಲೇ ಹೇಳೋಕೆ ಏನಾಗಿತ್ತು?" ಅಂತ ಕೂಗಾಡುವವರು, ಮಗುವಿನ ಕಾಯಿಲೆ ಮುಚ್ಚಿಟ್ಟು ಕರೆಸಿಕೊಂಡಿದ್ದ ಅದೇ ಜನ.

ನಿಮ್ಮ ಮನೆಯಲ್ಲಿ ಈ ವಿಷಯ ಹೇಗೆ ಮಾತಾಡಿಕೊಂಡಿದ್ದೀರಿ, ಬರೆಯಿರಿ. ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಮಾಡುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಮೊದಲು ನೀವು ಬರೆಯಿರಿ.