ಅಧ್ಯಾಯ ಎಲ್ಲಿ ನಿಲ್ಲಬೇಕು?

ನನ್ನ ಕಾದಂಬರಿಯ ಮೊದಲ ಕರಡಿನಲ್ಲಿ ಪ್ರತಿ ಅಧ್ಯಾಯವೂ 3,000 ಪದ. ಹಾಗಂತ ನಾನೇ ನಿಯಮ ಹಾಕಿಕೊಂಡಿದ್ದೆ.

ಏಳನೇ ಅಧ್ಯಾಯದಲ್ಲಿ ಅಣ್ಣ ಮನೆಯ ಬೀಗದ ಕೈಯನ್ನು ತಂಗಿಯ ಅಂಗೈಯಲ್ಲಿಟ್ಟು ಹೊರಟುಬಿಡುತ್ತಾನೆ. ಅದು 1,100 ಪದಕ್ಕೇ ಮುಗಿಯಿತು. ಉಳಿದ 1,900 ತುಂಬಿಸಬೇಕಲ್ಲ? ತಂಗಿಯನ್ನು ಕಿಟಕಿ ಹತ್ತಿರ ನಿಲ್ಲಿಸಿದೆ. ಬಾಲ್ಯವೆಲ್ಲ ನೆನಪಿಗೆ ತಂದೆ. ಓದಿದ ಗೆಳತಿ ಕೇಳಿದಳು: "ಅಣ್ಣ ಹೊರಟಾಯ್ತಲ್ಲ, ನೀನ್ಯಾಕೆ ಇನ್ನೂ ಅಲ್ಲೇ ನಿಂತಿದ್ದೀಯ?"

ಅವತ್ತೇ ಆ 1,900 ಪದ ತೆಗೆದೆ.

ಈಗ ನಾನು ನೋಡುವುದು ಬೇರೆ. ಅಧ್ಯಾಯ ಶುರುವಾದಾಗ ಇದ್ದ ಸ್ಥಿತಿ ಎಲ್ಲಿ ಬದಲಾಯಿತು? ಒಂದು ಗುಟ್ಟು ಹೊರಬಿತ್ತು, ಯಾರೋ ಮನೆ ಬಿಟ್ಟರು. ಅದಾದ ಮೇಲೂ ಪಾತ್ರಗಳು ಕೂತು ಅದನ್ನೇ ಯೋಚಿಸುತ್ತಿದ್ದರೆ ನಾನು ಓದುಗರ ಪಾಲಿನ ಕೆಲಸ ಮಾಡುತ್ತಿದ್ದೇನೆ. ಪುಟದ ಕೆಳಗೆ ಖಾಲಿ ಜಾಗ ಉಳಿಯುತ್ತದಲ್ವಾ, ಅದು ಓದುಗರದ್ದು.

ಹಾಗಂತ ಸುಮ್ನೆ ಚಿಕ್ಕದು ಮಾಡಿದರೆ ಆಗಲ್ಲ. ಅಮೆರಿಕದ ಲೇಖಕ ಫಾಕ್ನರ್ ಅವರ 'ಆ್ಯಸ್ ಐ ಲೇ ಡೈಯಿಂಗ್' (1930) ಕಾದಂಬರಿಯಲ್ಲಿ ಒಂದು ಅಧ್ಯಾಯ ಇಂಗ್ಲಿಷಿನಲ್ಲಿ ಐದೇ ಪದ. ನನ್ನ ಅಮ್ಮ ಒಂದು ಮೀನು ಅಂತಾನೆ ಪುಟ್ಟ ಹುಡುಗ. ಅಮ್ಮ ಸತ್ತ ದಿನವೇ ಅವನು ದೊಡ್ಡ ಮೀನು ಹಿಡಿದು ತಂದಿದ್ದನ್ನು ನಾವು ಆಗಲೇ ಓದಿರುತ್ತೇವೆ. ಅದಕ್ಕೇ ಆ ಐದು ಪದ ಅಷ್ಟು ನಾಟುತ್ತವೆ. ಹಿಂದಿನ ಪುಟಗಳು ಇಲ್ಲದಿದ್ದರೆ ಅದು ಬರೀ ಒಂದು ಸಾಲು.

ಮೊಬೈಲಲ್ಲಿ ಓದುವವರಿಗೆ ಎಲ್ಲವನ್ನೂ ತುಂಡು ತುಂಡು ಮಾಡಿ ಅನ್ನುವ ಸಲಹೆಯನ್ನು ಮಾತ್ರ ನಾನು ಒಪ್ಪಲ್ಲ. ರಾತ್ರಿಯಿಡೀ ನಡೆಯುವ ಒಂದು ಜಗಳ ಇದೆ ಅಂದುಕೊಳ್ಳಿ. ಅದನ್ನು ಮೂರು ಅಧ್ಯಾಯ ಮಾಡಿದರೆ ಓದುಗರಿಗೆ ಎರಡು ಸಲ ಎದ್ದು ಹೋಗಲು ಬಾಗಿಲು ತೆರೆದ ಹಾಗೆ. ಆ ಮನೆಯವರಿಗೆ ಇಲ್ಲದ ಬಿಡುವು ನಮಗೆ ಯಾಕೆ ಬೇಕು? ನನ್ನ ಕಾದಂಬರಿಯ ಅಂಥ ಜಗಳ 6,800 ಪದ ಇದೆ. ಎಲ್ಲೂ ಕತ್ತರಿಸಿಲ್ಲ.

ಕಾದಂಬರಿಯನ್ನು ಧಾರಾವಾಹಿಯಾಗಿ ಬರೆಯುವವರಿಗೆ ಕಂತಿನ ಅಳತೆ ಇದ್ದೇ ಇರುತ್ತದೆ. ಇಂಗ್ಲಿಷ್ ಕಾದಂಬರಿಕಾರ ಡಿಕನ್ಸ್ ಅವರ ಮಾಸಿಕ ಕಂತುಗಳು ಸಾಮಾನ್ಯವಾಗಿ 32 ಪುಟ. ಆದರೆ ಆ 32 ಪುಟಗಳೊಳಗೆ ಅಧ್ಯಾಯಗಳು ಒಂದೇ ಉದ್ದ ಇರಬೇಕಾಗಿರಲಿಲ್ಲ.

ಈಗ ನಾನು ಪದ ಎಣಿಸುವುದು ತಿದ್ದುವಾಗ ಮಾತ್ರ. ಐದಾರು ಅಧ್ಯಾಯ ಸಾಲಾಗಿ ಒಂದೇ ಉದ್ದ ಬಂದಿದ್ದರೆ ಆ ಭಾಗವನ್ನು ಮತ್ತೆ ಓದುತ್ತೇನೆ. ಹೆಚ್ಚಿನ ಸಲ ಎಲ್ಲೋ ತುಂಬಿಸಿರುತ್ತೇನೆ, ಇಲ್ಲವೇ ಅವಸರದಲ್ಲಿ ಮುಗಿಸಿರುತ್ತೇನೆ. ಮೊದಲ ಕರಡು ಬರೆಯುತ್ತಿರುವವರು ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ಮೊದಲು ಕಥೆ ಮುಗಿಸಿ. ನನ್ನ 14 ಮತ್ತು 15ನೇ ಅಧ್ಯಾಯಗಳು ನಿಜಕ್ಕೂ ಒಂದೇ ಅಧ್ಯಾಯ ಅಂತ ಹೊಳೆದದ್ದು ಮೂರನೇ ಕರಡಿನಲ್ಲಿ.