ಆರು ತಿಂಗಳಾಯ್ತಾ? ಹಾಗಾದ್ರೆ ಫಾರ್ಮ್ಯಾಟ್ ಹೊಡೀರಿ!

ಕಂಪ್ಯೂಟರ್ ನಿಧಾನ ಆಗಿದೆ ಅಂತ ಯಾರ ಹತ್ತಿರವಾದರೂ ಹೇಳಿ ನೋಡಿ. ರ್‍ಯಾಮ್ ಎಷ್ಟಿದೆ, ಡಿಸ್ಕ್ ತುಂಬಿದೆಯಾ ಅಂತ ಯಾರೂ ಕೇಳುವುದಿಲ್ಲ. ಕೊನೇ ಸಲ ಫಾರ್ಮ್ಯಾಟ್ ಮಾಡಿಸಿದ್ದು, ಅಂದರೆ ಎಲ್ಲ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿಸಿದ್ದು, ಯಾವಾಗ ಅಂತ ಕೇಳುತ್ತಾರೆ. ಆರು ತಿಂಗಳಿಗೊಮ್ಮೆ ಮಾಡಿಸಲೇಬೇಕು ಅನ್ನೋದು ಅವರ ಸಲಹೆ. ಎರಡು ವರ್ಷ ಆಯ್ತು ಅಂದಿರೋ, ಮುಗೀತು. ಎರಡು ವರ್ಷದಿಂದ ಸ್ನಾನ ಮಾಡದವರನ್ನು ನೋಡುವ ಹಾಗೆ ನೋಡುತ್ತಾರೆ.

ವಿಂಡೋಸ್ 95, 98ರ ಕಾಲದಲ್ಲಿ ಈ ಸಲಹೆಗೆ ಅರ್ಥವಿತ್ತು, ಒಪ್ಪೋಣ. ಆಗ ಹೊಸ ಪ್ರೋಗ್ರಾಂ ಒಂದು ಬಂದು ಇನ್ನೊಂದರ ಡಿಎಲ್‌ಎಲ್ ಫೈಲ್ (ಹಲವು ಪ್ರೋಗ್ರಾಂಗಳು ಹಂಚಿಕೊಳ್ಳುವ ಕೋಡ್ ಇರುವ ಫೈಲ್) ಮೇಲೆ ತನ್ನದನ್ನು ಕೂರಿಸುತ್ತಿತ್ತು, ನಿನ್ನೆವರೆಗೆ ಚೆನ್ನಾಗಿದ್ದದ್ದು ಇವತ್ತು ತೆರೆಯುತ್ತಲೇ ಇರಲಿಲ್ಲ. ಕಂಪ್ಯೂಟರ್ ಆನ್ ಆದಾಗಿನಿಂದ ಮಿಲಿಸೆಕೆಂಡ್ ಎಣಿಸುವ 32 ಬಿಟ್ ಲೆಕ್ಕ 49.7 ದಿನಕ್ಕೆ ತುಂಬಿ ಇಡೀ ಮಷೀನೇ ನಿಂತುಬಿಡುವ ದೋಷವೂ ಇತ್ತು. ಅದು ಬೆಳಕಿಗೆ ಬರಲು ವರ್ಷಗಳೇ ಹಿಡಿದವು. ಅಷ್ಟು ದಿನ ಒಂದೇ ಸಮನೆ ಓಡಿದ ವಿಂಡೋಸ್ ಕಂಡವರು ಕಡಿಮೆ ಇರಬೇಕು, ಅಲ್ವಾ? 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಜೊತೆ ಎನ್‌ಟಿ ಕರ್ನಲ್ ಅನ್ನೋ ಗಟ್ಟಿಮುಟ್ಟಾದ ತಿರುಳು ಮನೆಮನೆಗೆ ಬಂತು, ಅದರ ನಂತರದ ವಿಸ್ಟಾದಿಂದ ಡಿಫ್ರಾಗ್ (ಡಿಸ್ಕಿನಲ್ಲಿ ಚದುರಿದ ಫೈಲ್ ತುಂಡುಗಳನ್ನು ಒಂದೆಡೆ ಜೋಡಿಸುವುದು) ತನ್ನಷ್ಟಕ್ಕೆ ನಡೆಯತೊಡಗಿತು. ಸಲಹೆ ಕೊಡುವವರು ಮಾತ್ರ ಇನ್ನೂ 98ರಲ್ಲೇ ಇದ್ದಾರೆ.

ತಮಾಷೆ ಕೇಳಿ. ವಿಂಡೋಸ್ 10ರಿಂದೀಚೆಗೆ ದೊಡ್ಡ ಅಪ್‌ಗ್ರೇಡ್ ಬಂದಾಗ ಹೆಚ್ಚು ಕಡಿಮೆ ಹೊಸ ವಿಂಡೋಸೇ ಬಂದು ಕೂರುತ್ತದೆ. ಹಳೆಯದು 'ವಿಂಡೋಸ್ ಡಾಟ್ ಓಲ್ಡ್' ಅನ್ನೋ ಫೋಲ್ಡರ್‌ನಲ್ಲಿ 10 ದಿನ ಬಿದ್ದಿದ್ದು ಅಳಿಸಿಹೋಗುತ್ತದೆ. ಅಂದರೆ ನಿಮಗೇ ಗೊತ್ತಿಲ್ಲದೆ ಓಎಸ್ ಹೊಸದಾಗಿ ಇನ್‌ಸ್ಟಾಲ್ ಆಗಿರುತ್ತದೆ. ಆದರೆ ಅದು ಲೆಕ್ಕಕ್ಕಿಲ್ಲ. ಅದರಲ್ಲಿ ಒಂದು ಫೋಟೋನೂ ಕಳೆದುಹೋಗುವುದಿಲ್ಲವಲ್ಲ, ಅದೆಂಥ ಫಾರ್ಮ್ಯಾಟ್!

ಇನ್ನು ಅಸಲಿ ಫಾರ್ಮ್ಯಾಟ್ ಆದ ಮೇಲಿನ ಸಂಭ್ರಮ. ಡೆಸ್ಕ್‌ಟಾಪ್ ಮೇಲೆ ಹೆಚ್ಚೆಂದರೆ ಒಂದು ರೀಸೈಕಲ್ ಬಿನ್. "ನೋಡಿ ಸಾರ್, ಹೇಗೆ ಹಾರ್ತಿದೆ!" ಹಾರದೆ ಏನು ಮಾಡುತ್ತೆ ಪಾಪ, ಹೊರಲು ಏನೂ ಇಲ್ಲ. ಅದೇ ಸಂಜೆ ಎರಡು ಬ್ರೌಸರ್, ಮೂರು ಚಾಟ್ ಆಪ್, ಒಂದು ಗೇಮ್ ಲಾಂಚರ್, ಪ್ರಿಂಟರ್ ಜೊತೆ ಕರೆಯದೆ ಬಂದ ಒಂದು 'ಸಹಾಯಕ' ಒಳಗೆ ಬರುತ್ತವೆ. ಕಂಪ್ಯೂಟರ್ ಆನ್ ಆದಾಗ ಇದೂ ಶುರುವಾಗಲಿ ಅನ್ನೋ ಪುಟ್ಟ ಚೌಕದಲ್ಲಿ ಟಿಕ್ ಮೊದಲೇ ಬಿದ್ದಿರುತ್ತದೆ, ನಾವು ನೆಕ್ಸ್ಟ್, ನೆಕ್ಸ್ಟ್, ಫಿನಿಶ್. ಸಾಲದ್ದಕ್ಕೆ ವೇಗ ಹೆಚ್ಚಿಸಲು, ವಿಂಡೋಸಿನ ಸೆಟ್ಟಿಂಗ್‌ಗಳ ಕಡತವನ್ನು ಗುಡಿಸುವ ಒಂದು ರಿಜಿಸ್ಟ್ರಿ ಕ್ಲೀನರ್ ಬೇರೆ. ಇಂಥವಕ್ಕೆ ನಮ್ಮ ಬೆಂಬಲವಿಲ್ಲ ಅಂತ ಮೈಕ್ರೋಸಾಫ್ಟೇ ಹೇಳಿದೆ, ಕೇಳೋರು ಯಾರು? ಟಾಸ್ಕ್ ಮ್ಯಾನೇಜರ್ ತೆರೆದು, ಸ್ಟಾರ್ಟ್‌ಅಪ್‌ಗೆ ಹೋಗಿ, ಬೇಡದ ನಾಲ್ಕನ್ನು ಡಿಸೇಬಲ್ ಮಾಡಲು ಎರಡು ನಿಮಿಷ ಸಾಕು. ಆದರೆ ಎರಡು ನಿಮಿಷದ ಕೆಲಸಕ್ಕೆ ಮರ್ಯಾದೆ ಎಲ್ಲಿದೆ? ಅರ್ಧ ದಿನ ಶೇಕಡಾವಾರು ಏರುವುದನ್ನು ನೋಡುತ್ತಾ ಕೂತು, ಆಮೇಲೆ ವೈಫೈ ಡ್ರೈವರ್ ಇಲ್ಲ ಅಂತ ಒದ್ದಾಡಿ, ಆ ಡ್ರೈವರ್ ಇಳಿಸಿಕೊಳ್ಳಲು ವೈಫೈ ಬೇಕು ಅಂತ ಗೊತ್ತಾದಾಗಲೇ ರಿಪೇರಿ ಮಾಡಿದ ತೃಪ್ತಿ.

ತಿರುಗುವ ಹಳೇ ಹಾರ್ಡ್ ಡಿಸ್ಕ್ ಸೆಕೆಂಡಿಗೆ ನೂರು ಚಿಲ್ಲರೆ ಕಡೆ ಹುಡುಕಿ ಓದುವಷ್ಟರಲ್ಲೇ ಸುಸ್ತಾಗುತ್ತದೆ. ತಿರುಗುವ ಭಾಗವೇ ಇಲ್ಲದೆ ಚಿಪ್‌ನಲ್ಲಿ ಉಳಿಸುವ ಎಸ್‌ಎಸ್‌ಡಿಗೆ ಹತ್ತಾರು ಸಾವಿರ ಸಲೀಸು. ಎಷ್ಟು ಸಲ ಫಾರ್ಮ್ಯಾಟ್ ಹೊಡೆದರೂ ಹಾರ್ಡ್ ಡಿಸ್ಕ್ ಎಸ್‌ಎಸ್‌ಡಿ ಆಗುವುದಿಲ್ಲ. ಫ್ಯಾನಿಗೆ ಕಟ್ಟಿದ ಧೂಳಂತೂ ಸಿ ಡ್ರೈವ್‌ನಲ್ಲಿ ಇರುವುದೇ ಇಲ್ಲ.

ಹಾಗಂತ ಫಾರ್ಮ್ಯಾಟ್ ಬೇಡವೇ ಬೇಡ ಅಂತಲ್ಲ. ಕಂಪ್ಯೂಟರ್ ಮಾರುವಾಗ ಬೇಕು. ವೈರಸ್ ಹೊಕ್ಕು ಯಾವ ಫೈಲನ್ನೂ ನಂಬುವ ಹಾಗಿಲ್ಲ ಅಂದಾಗ ಬೇಕೇ ಬೇಕು. ಆಗ ನಮ್ಮ ಪರಿಣತರು ಎಲ್ಲ ಅಳಿಸಿ, ಚೊಕ್ಕ ವಿಂಡೋಸ್ ಹಾಕಿ, ವೈರಸ್ ತಂದ ಅದೇ ಪೆನ್‌ಡ್ರೈವ್ ಚುಚ್ಚಿ, ಜೋಪಾನವಾಗಿ ಬ್ಯಾಕಪ್ ಮಾಡಿಟ್ಟಿದ್ದ ಅದೇ ಕ್ರ್ಯಾಕ್ ಫೈಲ್ (ದುಡ್ಡು ಕೊಡದೆ ಸಾಫ್ಟ್‌ವೇರ್ ಬಳಸಲು ಬೀಗ ಮುರಿಯುವ ಫೈಲ್) ಮೇಲೆ ಡಬಲ್ ಕ್ಲಿಕ್ ಮಾಡುತ್ತಾರೆ. ಆಂಟಿವೈರಸ್ ಬಾಯಿ ಬಡಿದುಕೊಂಡರೆ ಅದನ್ನು ಆಫ್ ಮಾಡೋದು ಹೇಗೆ ಅಂತ ಅವರಿಗೆ ಬಾಯಿಪಾಠ.