ಮುತ್ಯಾನ ಗೋಡೆಗೆ ಒಂದು ತೂತು

ಕಲಬುರಗಿಯ ಮೇ ತಿಂಗಳು ಹೇಗಿರುತ್ತೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಫ್ಯಾನು ಬಿಸಿಗಾಳಿಯನ್ನು ಈ ಮೂಲೆಯಿಂದ ಆ ಮೂಲೆಗೆ ಸಾಗಿಸುತ್ತದೆ, ಅಷ್ಟೇ. ಕೂಲರಿಗೆ ನೀರು ಬೇಕು, ನೀರಿಗೆ ನಲ್ಲಿ ಬರಬೇಕು. ಸಾಕಾಗಿ ಈ ಸಲ ಕಂತಿನ ಮೇಲೆ ಎ.ಸಿ. ತಂದೆವು. ಎ.ಸಿ. ಬಂತು. ಕೂರಿಸುವ ಹುಡುಗನೂ ಬಂದ. ಆಗದೇ ಉಳಿದದ್ದು ತೂತು.

ಪೈಪು ಹೊರಗೆ ಹೋಗಲು ಗೋಡೆಗೆ ಒಂದು ತೂತು ಬೇಕಲ್ವಾ? "ಹತ್ತು ನಿಮಿಷದ ಕೆಲಸ ರೀ ಅಣ್ಣಾ" ಅಂದ ಹುಡುಗ. ಡ್ರಿಲ್ ಗುರ್ ಅಂತು. ಸುಣ್ಣ ಉದುರಿತು. ಆಮೇಲೆ ಬರೀ ಗುರ್. ಹುಡುಗ ಸ್ಟೂಲಿನ ಮೇಲೆ ನಿಂತು ಮೈಭಾರ ಪೂರ್ತಿ ಹಾಕಿದ. ಸುಟ್ಟ ವಾಸನೆ ಬಂತು, ಬಿಟ್ ಮುರಿಯಿತು. ಇನ್ನೊಂದು ಬಿಟ್ ತೆಗೆದ, ಅದೂ ಹೋಯಿತು. ಸದ್ದು ಕೇಳಿ ಓಣಿಯವರು ಬಾಗಿಲಲ್ಲಿ ಜಮಾಯಿಸಿ ಸಲಹೆ ಕೊಡತೊಡಗಿದರು. ಹುಡುಗ ಬೆವರು ಒರೆಸಿಕೊಂಡು ಕೇಳಿದ: "ಅಣ್ಣಾ, ಇದು ಮನಿ ಅದ ಏನ್ರಿ, ಕಿಲ್ಲಾ ಅದ?"

ಕೊನೆಗೆ ಪೈಪು ಕಿಟಕಿಯಿಂದ ಹೋಯಿತು. ಈಗ ಆ ಕಿಟಕಿ ಮುಚ್ಚಲು ಬರುವುದಿಲ್ಲ. ಸಂದಿಗೆ ಹಳೇ ಕೌದಿ ತುರುಕಿದ್ದೇವೆ. ಅರ್ಧ ತಂಪು ಬೀದಿಗೇ ಹೋಗುತ್ತದೆ. ಬಿಲ್ಲು ನಮ್ಮದು, ನಿದ್ದೆ ಕಿಟಕಿ ಕೆಳಗೆ ಮಲಗುವ ನಾಯಿಗಳದ್ದು.

ಈ ಸಿಟ್ಟು ಯಾರ ಮೇಲೆ ತೀರಿಸಿಕೊಳ್ಳೋಣ? ಗೋಡೆ ಕಟ್ಟಿದವನು ನಮ್ಮ ಮುತ್ಯಾ, ಅಂದರೆ ಅಜ್ಜ. ಆತ ಹೋಗಿ ಕೆಲವು ವರ್ಷಗಳಾದವು.

ಮುತ್ಯಾ ಗೌಂಡಿ, ಅಂದರೆ ಗೋಡೆ ಕಟ್ಟುವ ಕೆಲಸದವ. ಹುಟ್ಟಿದ ದಿನ ಯಾರಿಗೂ ಗೊತ್ತಿಲ್ಲ. ಆಧಾರ್ ಕಾರ್ಡಿನಲ್ಲಿ ಜನವರಿ 1 ಅಂತ ಇತ್ತು. ನಮ್ಮ ಓಣಿಯ ಅರ್ಧ ಮುದುಕರು ಅದೇ ದಿನ ಹುಟ್ಟಿದವರು ಬಿಡಿ. ಆತನ ಲೆಕ್ಕವೇ ಬೇರೆ. "ರಜಾಕಾರರ ಗದ್ದಲದಾಗ ನಾ ಕಲ್ಲು ಹೊರ್ತಿದ್ದೆ" ಅನ್ನುತ್ತಿದ್ದ. ರಜಾಕಾರರು ಅಂದರೆ ಹೈದರಾಬಾದಿನ ನಿಜಾಮನ ಪರ ನಿಂತಿದ್ದ ಖಾಸಗಿ ಪಡೆ. 1948ರ ಸೆಪ್ಟೆಂಬರ್ 17ಕ್ಕೆ ಇಲ್ಲಿ ಆ ನಿಜಾಮನ ಆಳ್ವಿಕೆ ಮುಗಿಯಿತು. ಮುತ್ಯಾನ ಕೈಗೆ ಕರ್ಣಿ ಬಂದದ್ದೂ ಅದರ ಆಸುಪಾಸಿನಲ್ಲೇ. ಆಮೇಲೆ ಎಂಬತ್ತು ದಾಟುವ ತನಕ ಆತ ಅದನ್ನು ಕೆಳಗಿಡಲಿಲ್ಲ. ಹಗಲು ಊರವರ ಮನೆ, ಸಂಜೆ ನಮ್ಮ ಮನೆ. ಹಾಗೆ ವರ್ಷಗಟ್ಟಲೆ ಎದ್ದ ಮನೆ ಇದು. ನೆಲಕ್ಕೆ ಶಹಾಬಾದ ಫರಸಿ. ಗೋಡೆಗೆ ಕಲ್ಲು, ಎರಡು ಫೂಟು ದಪ್ಪ. ನಡುವೆ ಗಾಣದಲ್ಲಿ ಅರೆದು ಬೆಲ್ಲದ ನೀರು ಬೆರೆಸಿದ ಸುಣ್ಣದ ಗಚ್ಚು. ವಾಡಿ, ಸೇಡಂ, ಮಳಖೇಡದ ಕಡೆ ಸಿಮೆಂಟ್ ಕಾರ್ಖಾನೆಗಳು ಎದ್ದ ಮೇಲೂ ಮುತ್ಯಾ ಸಿಮೆಂಟಿಗೆ ಮರ್ಯಾದೆ ಕೊಡಲಿಲ್ಲ. "ನಮ್ಮ ಸುಣ್ಣದ ಕಲ್ಲನ್ನೇ ಸುಟ್ಟು ಚೀಲದಾಗ ತುಂಬ್ಯಾರ. ಅದರಾಗೇನ್ ಹೊಸಾದು?"

ಈ ಗೋಡೆ ಹಗಲೆಲ್ಲಾ ತಂಪಾಗಿ ಇಡುತ್ತದೆ, ಇಲ್ಲ ಅನ್ನಲ್ಲ. ಆದರೆ ಹಗಲು ಕುಡಿದ ಬಿಸಿಲನ್ನು ರಾತ್ರಿ ವಾಪಸ್ ಕೊಡುತ್ತದೆ. ಮುತ್ಯಾನ ಕಾಲಕ್ಕೆ ಎಲ್ಲರೂ ಮಾಳಿಗೆ ಮೇಲೆ ಮಲಗುತ್ತಿದ್ದರು. ಈಗ ಸುತ್ತ ಮೂರು ಅಂತಸ್ತಿನ ಕಟ್ಟಡಗಳು. ಮಾಳಿಗೆ ಮೇಲೆ ಮಲಗಿದರೆ ನಾಲ್ಕು ಮನೆಯವರು ಗುಡ್ ನೈಟ್ ಹೇಳುತ್ತಾರೆ.

ಮುತ್ಯಾನಿಗೆ ಒಂದು ಚಟ ಇತ್ತು. ಎಲೆ ಅಡಿಕೆ ಅಲ್ಲ. ಯಾರ ಮನೆಗೆ ಹೋದರೂ ಮೊದಲು ಗೋಡೆ ಬಡಿಯೋದು. ನಡುಬೆರಳಿನ ಗೆಣ್ಣಿನಿಂದ ಟಕ್ ಟಕ್. ಕಿವಿ ಹಚ್ಚಿ ಕೇಳೋದು. ಆಮೇಲೆ ತೀರ್ಪು. ಆತನ ಹತ್ತಿರ ಇದ್ದದ್ದು ಎರಡೇ: "ಗಟ್ಟಿ ಅದ", ಇಲ್ಲಾ "ಟೊಳ್ಳ ಅದ". ಹೆಚ್ಚಿನವು ಟೊಳ್ಳೇ.

ಕಾಕಾನಿಗೆ ಹೆಣ್ಣು ನೋಡಲು ಆಳಂದಕ್ಕೆ ಹೋಗಿದ್ದರಂತೆ. ಹೊಸ ಮನೆ, ಹೊಸ ಬಣ್ಣ. ಸುಸಲಾ ಬಂತು, ಚಹಾ ಬಂತು, ಹುಡುಗಿ ಬಂದಳು. ಬೀಗರು ಎದೆಯುಬ್ಬಿಸಿ "ನಮ್ಮ ಮನೆತನ ಹೆಂಗದ ಅಂತ ಇಡೀ ಆಳಂದದಾಗ ಕೇಳ್ರಿ" ಅಂದರು. ಅಷ್ಟರಲ್ಲಿ ಮುತ್ಯಾ ಎದ್ದು ಹೋಗಿ ಗೋಡೆಗೆ ಕಿವಿ ಹಚ್ಚಿ ನಿಂತಿದ್ದ. ಅಲ್ಲಿಂದಲೇ ಹೇಳಿದ: "ಟೊಳ್ಳ ಅದ."

ಎಲ್ಲರೂ ಗಪ್‌ಚಿಪ್. ಆಯಿ ಕಣ್ಣಲ್ಲೇ ಗದರಿಸಿದಳು. ಮುತ್ಯಾ ಅದನ್ನು ತಪ್ಪು ತಿಳಿದ. ಒಂದೇ ಗೋಡೆ ನೋಡಿ ಹೇಳಿದ್ದಕ್ಕೆ ಸಿಟ್ಟು ಇರಬೇಕು ಅಂತ ಎದುರಿನದನ್ನೂ ಬಡಿದು ನೋಡಿದ. "ಇದೂ ಹಂಗ ಅದ."

ಮದುವೆ ಹೇಗೋ ಆಯಿತು. ಮರುವರ್ಷದ ಮಳೆಗೆ ಆ ಗೋಡೆಯ ಗಿಲಾವೂ ಬಿತ್ತು. ಆದರೆ ಕಾಕಿ ಮರೆಯಲಿಲ್ಲ. ಸಾರಿಗೆ ಉಪ್ಪು ಜಾಸ್ತಿ ಆಯ್ತು ಅಂತ ಕಾಕಾ ಅಂದರೂ ಸಾಕು, "ಹೌದ್ರಿ, ನಾವು ಟೊಳ್ಳ ಮನೆತನದವರು" ಅಂತ ಶುರು.

ಕೊನೆಗಾಲದಲ್ಲಿ ಆಸ್ಪತ್ರೆ ಸೇರಿದಾಗಲೂ ಚಟ ಬಿಡಲಿಲ್ಲ. ಸಲೈನ್ ಹಾಕಿದ ಕೈ ಅಲುಗಿಸಬಾರದು ಅಂದಿದ್ದರು, ಹಾಗಾಗಿ ಇನ್ನೊಂದು ಕೈಯಿಂದ ಬಡಿದ. ಅದು ಬರೀ ಹಲಗೆಯ ಗೋಡೆ. ಆ ಕಡೆಯಿಂದಲೂ ಟಕ್ ಟಕ್ ಅಂತ ಉತ್ತರ ಬಂತು! ಮುತ್ಯಾ ಮತ್ತೆ ಬಡಿದ. ಮತ್ತೆ ಉತ್ತರ. ರಾತ್ರಿಯೆಲ್ಲಾ ಇದೇ ನಡೆಯಿತು. ಬೆಳಿಗ್ಗೆ ಗೊತ್ತಾಯಿತು, ಪಕ್ಕದ ರೂಮಿನ ಹಿರಿಯರು ಹೆಗ್ಗಣ ಓಡಿಸಲು ಬಡಿಯುತ್ತಿದ್ದರು.

ಮುತ್ಯಾನ ಕೈಯಲ್ಲಿ ಪಾಸಾದದ್ದು ತೀರಾ ಕಡಿಮೆ. ಶರಣಬಸವೇಶ್ವರ ಗುಡಿಯ ಕಂಬಗಳು ಪಾಸು. ಕಿಲ್ಲಾದೊಳಗಿನ ಜಾಮಿಯಾ ಮಸೀದಿಯೂ ಪಾಸು. 1367ರದ್ದು ಅದು. ಅಂಗಳವೇ ಇಲ್ಲ, ಪೂರ್ತಿ ಮೇಲ್ಛಾವಣಿ. ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದಾಗ ಮುತ್ಯಾ ಕಮಾನುಗಳ ಕೆಳಗೆ ಬಹಳ ಹೊತ್ತು ಸುಮ್ನೆ ನಿಂತಿದ್ದ. ವಾಪಸ್ ಬರುವಾಗ ಮಾತ್ರ, "ಒಂದು ಕಲ್ಲು ನಾನಾಗಿದ್ರ ತಿರುಗಿಸಿ ಇಡ್ತಿದ್ದೆ" ಅಂದ. ಗೌಂಡಿಗಳು ಗೌಂಡಿಗಳನ್ನು ಪೂರ್ತಿ ಹೊಗಳುವುದಿಲ್ಲ.

1993ರ ಸೆಪ್ಟೆಂಬರ್ 30. ನಸುಕಿನ ನಾಲ್ಕರ ಹೊತ್ತಿಗೆ ಪಾತ್ರೆಗಳು ಗಲಗಲ ಅಂದವು. ಎಲ್ಲರೂ ಬೀದಿಗೆ ಓಡಿದೆವು. ಮುತ್ಯಾ ಮಾತ್ರ ಒಳಗೇ ಉಳಿದು, ಕಂದೀಲು ಹಿಡಿದು ಒಂದೊಂದೇ ಗೋಡೆ ನೋಡಿಕೊಂಡು ಬಂದ. "ಒಂದು ಬಿರುಕಿಲ್ಲ" ಅಂತ ಮೀಸೆ ತಿರುವಿದ. ಬೆಳಗಾದ ಮೇಲೆ ರೇಡಿಯೋದಲ್ಲಿ ಕಿಲ್ಲಾರಿಯ ಭೂಕಂಪದ ಸುದ್ದಿ ಬಂತು. ಮಹಾರಾಷ್ಟ್ರದ ಲಾತೂರಿನ ಕಡೆ ಸಾವಿರಾರು ಜನ ಮಲಗಿದಲ್ಲೇ ತಮ್ಮದೇ ಕಲ್ಲಿನ ಗೋಡೆಗಳ ಕೆಳಗೆ ಹೋಗಿದ್ದರು. ಮುತ್ಯಾ ಮೀಸೆ ಬಿಟ್ಟ. ಎಷ್ಟೋ ದಿನ ಯಾರ ಗೋಡೆಯನ್ನೂ ಬಡಿಯಲಿಲ್ಲ.

ಒಂದು ಸಂಜೆ ನನ್ನನ್ನು ಕೂರಿಸಿಕೊಂಡು ಎರಡು ಬೆಂಕಿಪೊಟ್ಟಣ ಪಕ್ಕ ಪಕ್ಕ ನಿಲ್ಲಿಸಿದ. ನೆಲ ಗುದ್ದಿದ. ಒಂದು ಆ ಕಡೆ ಬಿತ್ತು, ಒಂದು ಈ ಕಡೆ. ಆಮೇಲೆ ಎರಡಕ್ಕೂ ತೂರುವಂತೆ ಒಂದು ಕಡ್ಡಿ ಚುಚ್ಚಿ ನಿಲ್ಲಿಸಿ ಮತ್ತೆ ಗುದ್ದಿದ. ಬೀಳಲಿಲ್ಲ. "ದಪ್ಪ ಗ್ವಾಡಿ ಅಂದ್ರ ಎರಡು ಗ್ವಾಡಿ ಇರ್ತಾವ, ನಡುವ ಮಣ್ಣು. ಈ ಮೈಯಿಂದ ಆ ಮೈಗೆ ಹಾಯೋ ಅಡ್ಡಗಲ್ಲು ಇಡಬೇಕು. ಅದು ಹೊರಗ ಕಾಣಂಗಿಲ್ಲ. ಮಾಲಕ ಕೇಳಂಗಿಲ್ಲ. ರೊಕ್ಕಾನೂ ಕೊಡಂಗಿಲ್ಲ."

ಆ ಬಡಪಾಯಿ ಹುಡುಗನ ಡ್ರಿಲ್ಲು ಹೋಗಿ ಬಡಿದದ್ದು ಅಂಥದ್ದೇ ಒಂದು ಕಲ್ಲಿಗೆ ಅಂತ ನನ್ನ ಗುಮಾನಿ. ಒಂದು ಗೇಣು ಆಚೆ ಹಚ್ಚಿದ್ದರೆ ಬರೀ ಗಚ್ಚು ಸಿಗುತ್ತಿತ್ತೇನೋ. ಸುಣ್ಣ ಬಳಿದ ಮೇಲೆ ಯಾವ ಕಲ್ಲು ಎಲ್ಲಿ ಅಂತ ಗೊತ್ತಿದ್ದವನು ಮುತ್ಯಾ ಒಬ್ಬನೇ. ಕೇಳೋಣ ಅಂದರೆ ಇಲ್ಲ.

ಕಾಕಾನಿಗೆ ಈಗ ಇದನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟುವ ಆಸೆ. ಹೋದ ವಾರ ಒಬ್ಬ ಕಾಂಟ್ರಾಕ್ಟರ್ ಬಂದು ಮನೆಯೆಲ್ಲಾ ಸುತ್ತಿ, ಗೋಡೆಗಳ ದಪ್ಪ ಅಳೆದು, ಒಂದು ಲೋಟ ನೀರು ಕೇಳಿ ಕುಡಿದ. "ಕಟ್ಟೋ ಖರ್ಚು ಆಮ್ಯಾಲ ಹೇಳ್ತೀನ್ರಿ ಸಾಹೇಬ್ರ. ಮೊದಲ ಕೆಡವೋ ಖರ್ಚು ಕೇಳ್ರಿ, ಕೂತ್ಕೊಂಡು ಕೇಳ್ರಿ." ಕಾಕಾ ಕೂತೇ ಕೇಳಿದ. ಆದರೂ ಬೆವತ. "ಸತ್ತ ಮ್ಯಾಲೂ ಈ ಮುದುಕ ಒಂದು ಕಲ್ಲು ಕೀಳ್ಲಾಕ ಬಿಡವಲ್ಲ" ಅಂತ ಗೊಣಗಿದ.

ಒಳಗಿನಿಂದ ಕಾಕಿಯ ದನಿ ಬಂತು: "ನಮ್ಮಪ್ಪನ ಮನಿ ನೋಡ್ರಿ, ಒಂದೇ ದಿನದಾಗ ಕೆಡವಿದ್ರು. ಒಂದ್ ರೂಪಾಯಿ ಜಾಸ್ತಿ ಕೇಳ್ಲಿಲ್ಲ!"